ಕಡಲು ದಾಟಿದವರೂ ದಾಟದವರೂ

ನನ್ನ ಅಕ್ಕ ಮತ್ತು ಭಾವ ಬರುವ ಚಳಿಗಾಲಕ್ಕೆ ಹಡಗು ಹತ್ತುವವರಿದ್ದಾರೆ. ಹಡಗೆಂದರೆ ಒಂದೂರಿನಿಂದ ಇನ್ನೊಂದೂರಿಗೆ ಮುಟ್ಟಿಸುವ ಹಡಗಲ್ಲ. ಹೊರಟ ಬಂದರಿಗೇ ಮರಳಿ ಬರುವ ಹಡಗು. ಜನವರಿಯ ಮೊದಲ ವಾರ ಅಮೆರಿಕದ ಫ್ಲಾರಿಡಾ ತೀರವನ್ನು ಬಿಟ್ಟು, ಪನಾಮಾ ಕಾಲುವೆಯನ್ನು ಹಾದು, ಶಾಂತಸಾಗರವನ್ನು ದಾಟಿ, ಆಸ್ಟ್ರೇಲಿಯಾ, ಸಿಂಗಪುರ, ಕೊಲಂಬೊ ಎಂದು ಒಂದೊಂದೇ ಬಂದರನ್ನು ಮುಟ್ಟುತ್ತ, ಆಫ್ರಿಕದ ತುದಿಯನ್ನು ಸುತ್ತಿಕೊಂಡು, ಏಪ್ರಿಲ್ ಕೊನೆಗೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ನೂರಕ್ಕೆ ಮೇಲೆ ದಿನಗಳ ಪಯಣ. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರೆ, ಎಲ್ಲಿಗೂ ಅಲ್ಲ, ಎಲ್ಲ ಕಡೆಗೂ ಎಂದು ಹೇಳಬೇಕು.

ಹೊರಡುವುದಕ್ಕೆ ಇನ್ನೂ ತಿಂಗಳುಗಳಿವೆ. ಸಿದ್ಧತೆ ಮಾತ್ರ ಮದುವೆ ಮನೆಯಂತೆ ನಡೆದಿದೆ. ಕಿಟಕಿಯಿರುವ ಕೋಣೆ ಬೇಕೇ, ಒಳಗಿನ ಕುರುಡು ಕೋಣೆ ಸಾಕೇ ಎಂಬುದು ಮೊದಲ ಚರ್ಚೆ. ಒಳಕೋಣೆಗೆ ದುಡ್ಡು ಕಡಿಮೆ. ಆದರೆ ಅಲ್ಲಿ ಮಲಗಿದವನಿಗೆ ಹಗಲೋ ರಾತ್ರಿಯೋ ತಿಳಿಯದು. ಹೊಟ್ಟೆ ತೊಳಸುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಹಿಡಿಯಬೇಕಂತೆ. ಏತದ ಮರದ ತುದಿಗಳು ಎಷ್ಟು ಏರಿಳಿದರೂ ನಡು ಅಷ್ಟಾಗಿ ಅಲುಗುವುದಿಲ್ಲವಷ್ಟೆ, ಅದೇ ಲೆಕ್ಕ. ಕೆಲವು ದೇಶಗಳಿಗೆ ಹಳದಿ ಜ್ವರದ ಚುಚ್ಚುಮದ್ದಿನ ಪತ್ರ, ಕೆಲವಕ್ಕೆ ಮುಂಚಿತವಾಗಿ ವೀಸಾ, ಭಾವನ ನಾಲ್ಕು ತಿಂಗಳ ಮಾತ್ರೆಗಳು, ರಾತ್ರಿಯ ಔತಣಕ್ಕೆ ಒಳ್ಳೆಯ ಉಡುಪು. ಇಷ್ಟನ್ನೂ ಅಕ್ಕ ಟೊರಾಂಟೊದಿಂದ ನನಗೆ ಫೋನಿನಲ್ಲಿ ಹೇಳಿ, ಹಡಗು ನಿಲ್ಲುವ ಬಂದರುಗಳ ಪಟ್ಟಿಯನ್ನೂ ಕಳಿಸಿದಳು. ಆ ಪಟ್ಟಿಯ ನಡುವೆ ಒಂದು ಸಾಲು: ನವಮಂಗಳೂರು ಬಂದರು, ಬೆಳಿಗ್ಗೆ 8ರಿಂದ ಸಂಜೆ 6.

ಆ ಸಾಲನ್ನು ಓದಿದಾಗ ನನ್ನ ಮನಸ್ಸು ಕಹಿಯಾಯಿತು. ಕಾರಣವನ್ನು ಓದುಗರಿಗೆ ಹೇಳಬೇಕು. ನಿವೃತ್ತರಾದ ಮೇಲೆ ಕಳೆದ ನಾಲ್ಕು ವರ್ಷವೂ ಅಕ್ಕ, ಭಾವ ಇಬ್ಬರೂ ಅಲ್ಲಿನ ಚಳಿಯನ್ನು ತಪ್ಪಿಸಿಕೊಳ್ಳಲು ಡಿಸೆಂಬರಿನಲ್ಲಿ ಕಾಪುವಿಗೆ ಬಂದು, ಎಂಬತ್ತೆರಡು ವರ್ಷದ ನಮ್ಮಮ್ಮನ ಜೊತೆ ಮಾರ್ಚಿಯವರೆಗೆ ಇದ್ದು ಹೋಗುತ್ತಿದ್ದರು. ಭಾವನಿಗೆ ಎದೆಯ ಶಸ್ತ್ರಚಿಕಿತ್ಸೆ ಆಗಿದೆ. ಬಾಗಿಲ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿಹಾಕುವ ಕೆಲಸ ಅವರಿಗೆ ಕೂಡದು. ಈ ವರ್ಷ ಅದೇ ಚಳಿಯನ್ನು ತಪ್ಪಿಸಿಕೊಳ್ಳಲು ಹಡಗು ಬಂದಿದೆ. ಅಮ್ಮನ ಪಾಲಿಗೆ ಉಳಿದದ್ದು ಹತ್ತು ಗಂಟೆ. “ಹಾಗಾದರೆ ಅಮ್ಮನೂ ನಿಮಗೆ ಒಂದು ಬಂದರಾದಳು” ಎಂದು ನಾನು ಹೇಳಿಬಿಟ್ಟೆ. ಅಕ್ಕ ನನಗಿಂತ ಹದಿಮೂರು ವರ್ಷ ದೊಡ್ಡವಳು, ನನ್ನನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು ಮಾಣಿ, ಆಮೇಲೆ ಮಾತಾಡುವ” ಎಂದು ಫೋನು ಇಟ್ಟಳು.

ಬೈದವನಿಗೆ ತನ್ನ ಬೈಗುಳ ನ್ಯಾಯವಾದದ್ದೆಂದು ಸಾಧಿಸುವ ಕೆಲಸ ಉಳಿಯುತ್ತದೆ. ನಾನು ಕನ್ನಡದ ಅಧ್ಯಾಪಕ. ಅದಕ್ಕೆ ಗ್ರಂಥಗಳ ಮೊರೆಹೊಕ್ಕೆ. ಸಮುದ್ರವನ್ನು ದಾಟುವುದು ತಪ್ಪೆಂದು ಹೇಳುವ ಹಳೆಯ ಮಾತುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಬೌಧಾಯನ ಧರ್ಮಸೂತ್ರ ಮನುಷ್ಯನನ್ನು ಪತಿತನನ್ನಾಗಿ ಮಾಡುವ ಕರ್ಮಗಳ ಪಟ್ಟಿಯಲ್ಲಿ ಸಮುದ್ರಯಾನವನ್ನು ಸೇರಿಸಿದೆ. ಅದೇ ಗ್ರಂಥ ಇನ್ನೊಂದೆಡೆ ಉತ್ತರ ದೇಶದವರ ರೂಢಿಗಳನ್ನು ಹೇಳುವಾಗಲೂ ಸಮುದ್ರಯಾನವನ್ನು ಹೆಸರಿಸುತ್ತದೆ. ಎಂದರೆ, ಬೇಡವೆಂದು ಹೇಳುತ್ತಿದ್ದ ಕಾಲದಲ್ಲೇ ಜನ ಹೋಗುತ್ತಿದ್ದರು. 1888ರಲ್ಲಿ ಗಾಂಧೀಜಿ ಇಂಗ್ಲೆಂಡಿಗೆ ಹೊರಟಾಗ ಮುಂಬಯಿಯಲ್ಲಿ ಅವರ ಜಾತಿಯ ಮುಖಂಡರು ಬಹಿಷ್ಕಾರ ಹಾಕಿದ್ದು ಎಲ್ಲರಿಗೂ ತಿಳಿದ ಸಂಗತಿ.

ಇದೆಲ್ಲ ಮುಗಿದ ಕಥೆ ಎನ್ನುವಂತೆಯೂ ಇಲ್ಲ. ನಮ್ಮ ಉಡುಪಿಯಲ್ಲಿಯೇ 2008ರ ಜನವರಿಯಲ್ಲಿ ಪುತ್ತಿಗೆ ಮಠದ ಪರ್ಯಾಯ ಬಂದಾಗ, ವಿದೇಶಗಳಲ್ಲಿ ಸಂಚರಿಸಿ ಬಂದಿದ್ದ ಶ್ರೀ ಸುಗುಣೇಂದ್ರ ತೀರ್ಥರು ಕೃಷ್ಣನನ್ನು ಮುಟ್ಟಿ ಪೂಜಿಸಬಹುದೇ ಎಂಬ ಚರ್ಚೆ ಬಹುದಿನ ನಡೆಯಿತು. ಅವರು ಪರ್ಯಾಯ ಪೀಠವನ್ನು ಏರಿದರು. 2024ರಲ್ಲಿ ಇನ್ನೊಮ್ಮೆ ಏರಿದರು. ಆಗಲೂ ಆ ಪ್ರಶ್ನೆ ಕೇಳಿಬಂತು. 2008ರಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. “ಸಾರ್, ವಿಮಾನದಲ್ಲಿ ಮೇಲಿನಿಂದ ಹೋದರೆ ಸಮುದ್ರ ದಾಟಿದಂತಾಗುತ್ತದೆಯೇ?” ಎಂದು ವಿದ್ಯಾರ್ಥಿಯೊಬ್ಬ ಕೇಳಿದ; ತರಗತಿ ನಕ್ಕಿತು, ನಾನೂ ನಕ್ಕೆ. ನಗುವುದು ಸುಲಭ. ಆದರೆ ಅಂದು ಎರಡೂ ಕಡೆಯಲ್ಲಿ ನಿಂತವರು ಆ ಪ್ರಶ್ನೆಯನ್ನು ಆಟಕ್ಕೆ ಎತ್ತಿಕೊಂಡಿರಲಿಲ್ಲ. ಸನ್ಯಾಸಿಗೆ ಊರೂರು ಸಂಚಾರವೇ ಧರ್ಮ. ಮಳೆಗಾಲದ ಚಾತುರ್ಮಾಸ್ಯದಲ್ಲಿ ಮಾತ್ರ ಒಂದೆಡೆ ನಿಲ್ಲಬೇಕು. ಹಾಗಿರುವ ಸಂಚಾರಕ್ಕೆ ಗಡಿ ಎಲ್ಲಿ ಎಂಬುದು ಅವರಿಗೆ ನಿಜವಾದ ಪ್ರಶ್ನೆಯೇ.

ಸೋಜಿಗವೆಂದರೆ, ಯಾರನ್ನು ಮುಟ್ಟುವ ಬಗ್ಗೆ ಇಷ್ಟು ಚರ್ಚೆ ನಡೆಯಿತೋ ಆ ಕೃಷ್ಣನೇ ಕಡಲ ಮೇಲೆ ಬಂದವನು. ಮಲ್ಪೆಯ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗನ್ನು ಮಧ್ವಾಚಾರ್ಯರು ಉತ್ತರೀಯ ಬೀಸಿ ದಡ ಸೇರಿಸಿದರಂತೆ. ನಾವಿಕನು ಕೃತಜ್ಞತೆಯಿಂದ ಕೊಟ್ಟ ಗೋಪೀಚಂದನದ ಹೆಂಟೆಯೊಳಗೆ ದ್ವಾರಕೆಯ ಕೃಷ್ಣನಿದ್ದನಂತೆ. ಇದು ಐತಿಹ್ಯ. ಕಾಗದದ ಸಾಕ್ಷಿ ಬೇಕೆನ್ನುವವರಿಗೆ ಅದೂ ಇದೆ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನ ಪತ್ರಗಳು ಕೈರೋ ನಗರದ ಹಳೆಯ ಪ್ರಾರ್ಥನಾ ಮಂದಿರವೊಂದರಲ್ಲಿ ಸಿಕ್ಕಿವೆ. ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ನೋಡಿಕೊಳ್ಳುತ್ತಿದ್ದ ಒಬ್ಬ ದಾಸನಿದ್ದ. ಅಮಿತಾವ್ ಘೋಷರು ಅವನ ಹೆಸರನ್ನು ‘ಬೊಮ್ಮ’ ಎಂದು ಓದಿ, ಅವನು ತುಳುನಾಡಿನವನೆಂದು ಬರೆದಿದ್ದಾರೆ. ಬೌಧಾಯನನ ಸೂತ್ರವನ್ನು ಬೊಮ್ಮ ಓದಿರಲಾರ. ಓದಿದ್ದರೂ ಒಡೆಯನ ಮಾತು ಮೀರುವಂತಿರಲಿಲ್ಲ.

ಹಾಗಾದರೆ ಆ ನಿಷೇಧದಲ್ಲಿ ಹುರುಳೇ ಇರಲಿಲ್ಲವೇ? ಉಪ್ಪುನೀರಿನಲ್ಲಿ ಪಾಪವಿದೆಯೆಂದು ಅದನ್ನು ಮಾಡಿದವರೂ ನಂಬಿರಲಿಕ್ಕಿಲ್ಲ. ಅವರ ಸಂಶಯ ಬೇರೆ. ಮನುಷ್ಯನು ಒಂದು ಊರಿನಲ್ಲಿ ಇದ್ದರೆ ಅವನಿಗೆ ದಿನದಿನದ ಕೆಲಸಗಳಿರುತ್ತವೆ: ಹಚ್ಚಬೇಕಾದ ದೀಪ, ಬಡಿಸಬೇಕಾದ ಅನ್ನ, ತೀರಿಸಬೇಕಾದ ಋಣ, ಕೇಳುವ ನೆರೆಹೊರೆ. ಕಡಲಿಗೆ ಇಳಿದವನನ್ನು ಕೇಳುವವರಿಲ್ಲ. ‘ನೀನು ಇಲ್ಲದಾಗ ನಿನ್ನ ಕೆಲಸವನ್ನು ಮಾಡುವವರು ಯಾರು?’ ಇದು ಆ ನಿಷೇಧದ ಒಳಗಿದ್ದ ಪ್ರಶ್ನೆ ಎಂದು ನನಗೆ ತೋರಿತು. ತೋರಿದ ಕೂಡಲೇ, ಇದು ಅಕ್ಕನಿಗೆ ಹೇಳಿ ಮಾಡಿಸಿದ ಪ್ರಶ್ನೆ ಎಂದು ಸಂತೋಷವೂ ಆಯಿತು.

ಅದರ ಜೊತೆಗೆ ನನ್ನ ವಾದಕ್ಕೆ ಇನ್ನೊಂದು ಬಲವೂ ಸಿಕ್ಕಿತು. ಹೊಟ್ಟೆಪಾಡಿಗೆ ಕಡಲಿಗೆ ಹೋಗುವವರನ್ನು ನಾವು ದಿನವೂ ನೋಡುತ್ತೇವೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಮೀನುಗಾರಿಕೆಗೆ ಹೋದ ‘ಸುವರ್ಣ ತ್ರಿಭುಜ’ ದೋಣಿ ಏಳು ಮಂದಿಯೊಡನೆ ಮರಳಲೇ ಇಲ್ಲ. ತಿಂಗಳುಗಳು ಕಳೆದ ಮೇಲೆ ಸಿಕ್ಕಿದ್ದು ಕಡಲಡಿಯ ಅವಶೇಷ. ಅವರು ಕಡಲಿಗೆ ಇಳಿದದ್ದಕ್ಕೆ ಒಂದು ಅರ್ಥವಿದೆ. ಚಳಿ ತಪ್ಪಿಸಿಕೊಳ್ಳಲು ನೂರು ದಿನ ತೇಲುವುದಕ್ಕೆ ಏನು ಅರ್ಥ? ನಮ್ಮ ಕರಾವಳಿಯವರಿಗೆ ಚಳಿಯೆಂಬುದೇ ಇಲ್ಲ. ನಮ್ಮನ್ನು ಕಾಡುವುದು ಮಳೆ. ಅದನ್ನು ತಪ್ಪಿಸಿಕೊಳ್ಳಲು ಹಿರಿಯರು ಎಲ್ಲಿಗೂ ಓಡಲಿಲ್ಲ. ಜಗಲಿಗೆ ಮಡಲಿನ ತಟ್ಟಿ ಕಟ್ಟಿದರು, ಮಾಡಿನಡಿಯಲ್ಲಿ ಸೌತೆಕಾಯಿ ತೂಗಹಾಕಿದರು, ಹಲಸಿನ ಹಪ್ಪಳ ಒಣಗಿಸಿಟ್ಟರು. ನಾಲ್ಕು ತಿಂಗಳು ಮಳೆಯ ಒಳಗೇ ಕುಳಿತರು.

ಇಂಥ ವಾದಗಳನ್ನು ಕಟ್ಟಿಕೊಂಡು ಒಂದು ಭಾನುವಾರ ಮಣಿಪಾಲದಿಂದ ಕಾಪುವಿಗೆ ಹೋದೆ. ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ದಾರಿ. ನಮ್ಮ ಮನೆಯಿಂದ ದೀಪಸ್ತಂಭ ಕಾಣುತ್ತದೆ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು. ಒಳಗೆ ಕಾಲಿಡುತ್ತಲೇ ಅಮ್ಮ ಎಂದಿನಂತೆ, “ಬಂದೆಯಾ? ಎಷ್ಟೊತ್ತಿಗೆ ಹೊರಡ್ತಿ?” ಎಂದಳು. “ನಾಲ್ಕು ಗಂಟೆಗೆ” ಎಂದೆ. ಊಟವಾದ ಮೇಲೆ ಹಡಗಿನ ವಿಷಯ ತೆಗೆದೆ. ಅಮ್ಮನಿಗೆ ಅದು ಹೊಸತಾಗಿರಲಿಲ್ಲ. ಅಕ್ಕ ಮೊದಲು ಕೇಳಿದ್ದೇ ಅವಳನ್ನು. “ಹೋಗು ಅಂದದ್ದು ನಾನೇ” ಎಂದಳು. “ನಾಲ್ಕು ವರ್ಷ ಇಲ್ಲಿ ಬಂದು ಕೂತು ಅವಳಿಗೇನು ಸಿಕ್ಕಿತು? ಅಲ್ಲಿಯೂ ಅಡಿಗೆ, ಇಲ್ಲಿಯೂ ಅಡಿಗೆ. ಲೋಕ ನೋಡಲಿ. ನಾನು ನೋಡಿದ್ದು ಕಾಶಿ ಒಂದು, ಅದೂ ನಿನ್ನ ಅಪ್ಪನ ಅಸ್ಥಿ ಬಿಡಲಿಕ್ಕೆ ಹೋದದ್ದು.”

ನಾನು ಬೌಧಾಯನನನ್ನು ಹೊರಗೆ ತೆಗೆಯಲಿಲ್ಲ. “ಆದರೂ ಅಮ್ಮ, ಹತ್ತು ಗಂಟೆ ಮಾತ್ರ ಅಲ್ಲವೇ ಅವಳು ಇರುವುದು?” ಎಂದೆ. ಅಮ್ಮ ನನ್ನ ಮುಖ ನೋಡಿ, “ಹತ್ತು ಗಂಟೆ ಕಡಿಮೆಯಾ?” ಎಂದು ಕೇಳಿದಳು. ಅಷ್ಟೆ. ಅದರಲ್ಲಿ ಕೊಂಕು ಇರಲಿಲ್ಲ. ಅವಳು ಕೊಂಕು ಮಾತಾಡುವವಳಲ್ಲ. ನಾಲ್ಕಕ್ಕೆ ಕಾಫಿ ಕೊಟ್ಟು ಕಳಿಸಿದಳು.

ಹಿಂದಿರುಗುವ ದಾರಿಯಲ್ಲಿ ಲೆಕ್ಕ ಹಾಕಿದೆ. ಕಳೆದ ಒಂದು ವರ್ಷದಲ್ಲಿ ನಾನು ಅಮ್ಮನ ಬಳಿ ಒಂದೇ ಬಾರಿಗೆ ಹತ್ತು ಗಂಟೆ ಇದ್ದದ್ದು ಯಾವಾಗ? ಅಪ್ಪನ ವರ್ಷಾಂತದ ದಿನ ಬಿಟ್ಟರೆ ಒಂದೂ ನೆನಪಾಗಲಿಲ್ಲ. ಎರಡು ವಾರಕ್ಕೊಮ್ಮೆ ಹೋಗುತ್ತೇನೆ. ಹತ್ತಕ್ಕೆ ಮುಟ್ಟಿ ನಾಲ್ಕಕ್ಕೆ ಹೊರಡುತ್ತೇನೆ. ನಡುವೆ ಉತ್ತರಪತ್ರಿಕೆ ತಿದ್ದುತ್ತೇನೆ, ಫೋನು ನೋಡುತ್ತೇನೆ, ಸ್ವಲ್ಪ ಮಲಗುತ್ತೇನೆ. ‘ಎಷ್ಟೊತ್ತಿಗೆ ಹೊರಡ್ತಿ’ ಎಂಬ ಪ್ರಶ್ನೆಯನ್ನು ಇಷ್ಟು ವರ್ಷ ಉಪಚಾರದ ಮಾತೆಂದು ಕೇಳಿದ್ದೆ. ಹಡಗು ಬಂದರಿಗೆ ಬಂದಾಗ ಬಂದರಿನವರು ಕೇಳುವ ಮೊದಲ ಪ್ರಶ್ನೆಯೂ ಅದೇ ಅಲ್ಲವೇ? ಅಮ್ಮ ಬಂದರಾದದ್ದು ಈ ವರ್ಷವಲ್ಲ. ಮಾಡಿದವಳು ಅಕ್ಕನೂ ಅಲ್ಲ. ಅಕ್ಕ ಟೊರಾಂಟೊದಿಂದ ದಿನವೂ ರಾತ್ರಿ, ನಮ್ಮ ಬೆಳಗಿಗೆ ಸರಿಯಾಗಿ, ಅಮ್ಮನಿಗೆ ಫೋನು ಮಾಡುತ್ತಾಳೆ. ಮಜ್ಜಿಗೆ ಹುಳಿಗೆ ಏನು ಹಾಕಿದಿರಿ ಎಂಬಲ್ಲಿಯವರೆಗೆ ಅವಳಿಗೆ ಗೊತ್ತು. ನಿಷೇಧದೊಳಗೆ ನಾನು ಕಂಡ ಪ್ರಶ್ನೆ ಸುಳ್ಳಲ್ಲ. ಅದನ್ನು ಕೇಳಬೇಕಾದ ವಿಳಾಸ ತಪ್ಪಾಗಿತ್ತು.

ಇದಾದ ಮೇಲೆ ವಿನೋದಯಾನದ ವಿಷಯವನ್ನು ಸ್ವಲ್ಪ ನ್ಯಾಯವಾಗಿ ಯೋಚಿಸಲು ಸಾಧ್ಯವಾಯಿತು. ಅದರ ಹುಟ್ಟು ಕೂಡ ಚಳಿಗಾಲದಲ್ಲಿಯೇ. ಹಿಂದೆ ಯೂರೋಪಿನಿಂದ ಅಮೆರಿಕಕ್ಕೆ ಜನರನ್ನು ಒಯ್ಯುತ್ತಿದ್ದ ಹಡಗುಗಳಿಗೆ ಚಳಿಗಾಲದಲ್ಲಿ ಪ್ರಯಾಣಿಕರು ಸಿಗುತ್ತಿರಲಿಲ್ಲ. ಅಟ್ಲಾಂಟಿಕ್ ಸಮುದ್ರ ಆಗ ಒರಟು. ಹ್ಯಾಂಬರ್ಗಿನ ಹಡಗು ಕಂಪೆನಿಯೊಂದರ ಆಲ್ಬರ್ಟ್ ಬಾಲಿನ್ ಎಂಬವನು, ಹಡಗು ಸುಮ್ಮನೆ ನಿಂತು ತುಕ್ಕು ಹಿಡಿಯುವುದಕ್ಕಿಂತ ಬೆಚ್ಚಗಿನ ಕಡಲಿಗೆ ಹೋಗಿ ಬರಲಿ ಎಂದು, 1891ರ ಜನವರಿಯಲ್ಲಿ ‘ಆಗಸ್ಟಾ ವಿಕ್ಟೋರಿಯಾ’ ಹಡಗನ್ನು 241 ಮಂದಿಯೊಡನೆ ಮೆಡಿಟರೇನಿಯನ್ನಿಗೆ ಎರಡು ತಿಂಗಳ ಸುತ್ತಿಗೆ ಕಳಿಸಿದ. ಹೋಗಬೇಕಾದ ಊರು ಇಲ್ಲದೆ ಹೋಗುವ ಪ್ರಯಾಣಕ್ಕೆ ಅದೊಂದು ದೊಡ್ಡ ಆರಂಭ. ಬಿಡುವಿನ ಹಡಗಿಗೆ ಒಂದು ಕೆಲಸ ಹುಡುಕಿದರೆ ಅದನ್ನು ಜಾಣತನವೆನ್ನುತ್ತೇವೆ. ಅರುವತ್ತು ದಾಟಿದ, ಬಿಡುವಾದ ಇಬ್ಬರು ಮನುಷ್ಯರು ಹೊಸ ದೇಶಗಳನ್ನು ನೋಡಬಯಸಿದರೆ ಅದನ್ನು ಪಾಪವೆನ್ನಲು ನಾವು ಯಾರು?

ಸಂತೋಷಪಡುವುದು ತಪ್ಪಲ್ಲ ಎಂದರೆ ಪ್ರಶ್ನೆ ಮುಗಿಯಿತೆಂದಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ಹಡಗೊಂದರ ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ಮಣಿಪಾಲದಲ್ಲಿ, ಮಂಗಳೂರಿನಲ್ಲಿ ಹೋಟೆಲಿನ ವಿದ್ಯೆ ಕಲಿತ ನಮ್ಮ ಕರಾವಳಿಯ ಹುಡುಗರು ಹೀಗೆ ಹಡಗು ಸೇರುವುದುಂಟು. ಒಮ್ಮೆ ಹತ್ತಿದರೆ ಆರೆಂಟು ತಿಂಗಳು. ಒಂದು ಸಲ ಅವನ ಹಡಗೇ ನವಮಂಗಳೂರಿಗೆ ಬಂತು. ಅವನಿಗೆ ಸಿಕ್ಕಿದ ಬಿಡುವು ಎರಡು ಗಂಟೆ. ತಾಯಿ, ತಂಗಿ ಬಂದರಿನ ಬಾಗಿಲಿಗೆ ಬಂದಿದ್ದರು. ಬುತ್ತಿ ತೆಗೆದುಕೊಂಡು, ಅವರ ಜೊತೆ ಮರದಡಿಯಲ್ಲಿ ನಿಂತು ಉಂಡು, ಮತ್ತೆ ಒಳಗೆ ಹೋದ. “ಸಾರ್, ಹಡಗಿನಲ್ಲಿ ನನ್ನ ಊರನ್ನು ನೋಡಿ ಬಂದವರಿಗೆ ರಾತ್ರಿ ನಾನೇ ಬಡಿಸಿದೆ. ತುಂಬಾ ಚಂದ ಉಂಟು ಅಂದರು” ಎಂದು ಹೇಳಿ ನಕ್ಕ. ಅವನ ಎರಡು ಗಂಟೆಯೂ, ಆ ಪ್ರವಾಸಿಗಳ ಹತ್ತು ಗಂಟೆಯೂ ಒಂದೇ ಹಡಗಿನಲ್ಲಿ ಬಂದವು. ಅಕ್ಕನಿಗೆ ಇದನ್ನು ಹೇಳಬೇಕೆನಿಸಿತು. ದೂರಲಿಕ್ಕಲ್ಲ, ಬಡಿಸುವವನ ಊರು ಯಾವುದೆಂದು ಅವಳು ಕೇಳಲಿ ಎಂದು.

ಆ ಪ್ರವಾಸಿಗಳನ್ನು ನಾನು ಕಾರ್ಕಳದಲ್ಲಿ ನೋಡಿದ್ದೇನೆ. ಹಡಗು ಬಂದ ದಿನ ಮೂಡುಬಿದಿರೆಯ ಸಾವಿರಕಂಬದ ಬಸದಿಗೂ ಕಾರ್ಕಳದ ಬೆಟ್ಟಕ್ಕೂ ಬಸ್ಸುಗಳಲ್ಲಿ ಬರುತ್ತಾರೆ. ಹೋದ ಚಳಿಗಾಲ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದಾಗ ಅಂಥ ಒಂದು ಗುಂಪು ಮೆಟ್ಟಿಲು ಹತ್ತಿ ಬಂತು. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಗೊಮ್ಮಟನ ಮುಂದೆ ಅವರು ಚಿತ್ರ ತೆಗೆದುಕೊಂಡರು. ಒಬ್ಬ ಮುದುಕಿ ಮಾತ್ರ ಕಲ್ಲಿನ ಮೇಲೆ ಕುಳಿತು, ಮಾರ್ಗದರ್ಶಿ ಕರೆಯುವವರೆಗೆ ಅವನ ಮುಖವನ್ನೇ ನೋಡುತ್ತಿದ್ದಳು. ಲೋಕವನ್ನು ಸುತ್ತಲು ಹೊರಟವರು, ಗೆದ್ದ ಲೋಕವನ್ನು ಬಿಟ್ಟು ಒಂದೇ ಕಡೆ ನಿಂತವನನ್ನು ನೋಡಲು ಬಂದಿದ್ದರು. ಅಂದು ಗೊಮ್ಮಟನ ಪಕ್ಷ ನನ್ನದೆಂದು ನಾನು ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಇದ್ದಲ್ಲೇ ಇದ್ದವನು ನಾನೂ ಅಲ್ಲವೇ?

ಆದರೆ ಬಾಹುಬಲಿಯ ಕಥೆಯಲ್ಲಿ ಮರೆಯುವಂಥ ಒಂದು ಮಾತಿದೆ. ಜನರ ಬಾಯಲ್ಲಿರುವಂತೆ, ಬಳ್ಳಿ ಮೈಗೆ ಹಬ್ಬಿ, ಕಾಲಬುಡದಲ್ಲಿ ಹುತ್ತ ಬೆಳೆಯುವಷ್ಟು ಕಾಲ ನಿಂತರೂ ಅವನಿಗೆ ಜ್ಞಾನ ದೊರೆಯಲಿಲ್ಲ. ಅಣ್ಣ ಭರತನ ನೆಲದಲ್ಲಿ ನಿಂತಿದ್ದೇನೆಂಬ ಒಂದು ಕೊರಗು ಒಳಗೆ ಉಳಿದಿತ್ತಂತೆ. ಅಣ್ಣನೇ ಬಂದು ಕೈಮುಗಿದ ಮೇಲೆ ಅದು ಕರಗಿತು. ಎಂದರೆ, ನಿಂತದ್ದರಿಂದಲೇ ಯಾರೂ ದೊಡ್ಡವರಾಗುವುದಿಲ್ಲ. ಒಡಹುಟ್ಟಿದವರ ಮೇಲೆ ಒಂದು ಕಹಿ ಇಟ್ಟುಕೊಂಡು ನಿಂತರೆ ಬಳ್ಳಿ ಹಬ್ಬೀತು, ಬೇರೇನೂ ಆಗದು. ಕಡಲು ದಾಟಿದವನು ಪತಿತನೆಂಬ ಹಳೆಯ ಮಾತನ್ನು ನಾವು ಬಿಟ್ಟೆವು. ದಾಟದೆ ಉಳಿದವನು ಅಷ್ಟರಿಂದಲೇ ಧರ್ಮಿಷ್ಠನೆಂಬ ಮಾತು ಮಾತ್ರ ನಮ್ಮೊಳಗೆ ಇನ್ನೂ ಉಳಿದಿದೆ. ವಿದೇಶದಲ್ಲಿರುವ ಒಡಹುಟ್ಟಿದವರನ್ನು ಕುರಿತು ಊರಿನಲ್ಲಿ ಉಳಿದವರು ಆಡುವ ಮಾತುಗಳನ್ನು ನಾಲ್ಕು ದಿನ ಕಿವಿಗೊಟ್ಟು ಕೇಳಿದರೆ ಇದು ಯಾರಿಗಾದರೂ ತಿಳಿಯುತ್ತದೆ.

ಅಕ್ಕನಿಗೆ ನಾನೇ ಫೋನು ಮಾಡಿದೆ. ಕ್ಷಮೆ ಕೇಳುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ. ಕೋಣೆ ನಡುಭಾಗದಲ್ಲೇ ಹಿಡಿ ಎಂದೆ. ಅವಳಿಗೆ ಅರ್ಥವಾಯಿತು. ಆಮೇಲೆ ಅವಳು ಒಂದು ಚಿಂತೆಯನ್ನು ಹೇಳಿದಳು. ಹಡಗಿನವರೇ ಏರ್ಪಡಿಸಿದ ಬಸ್ಸಿನಲ್ಲಿ ಹೋದವರು ತಡವಾದರೆ ಹಡಗು ಕಾಯುತ್ತದಂತೆ. ತಮ್ಮಷ್ಟಕ್ಕೆ ತಾವು ಹೋದವರಿಗೆ ಕಾಯುವುದಿಲ್ಲ. ತಪ್ಪಿದರೆ ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಹಿಡಿಯಬೇಕು. ಗೊಮ್ಮಟನನ್ನು ನೋಡಹೋದರೆ ಭಯವಿಲ್ಲ, ಅಮ್ಮನನ್ನು ನೋಡಹೋದರೆ ಭಯವುಂಟು ಎಂದು ಇಬ್ಬರೂ ನಕ್ಕೆವು. ಪಣಂಬೂರಿನಿಂದ ಕಾಪುವಿಗೆ ಒಂದು ಗಂಟೆಯ ದಾರಿ. ಹೆದ್ದಾರಿಯಲ್ಲಿ ಏನಾದರೂ ಆದರೆ ಎರಡು. ನಾನು ಕಾರು ತರುತ್ತೇನೆ ಎಂದೆ. ಈ ವಿಷಯವನ್ನು ಅಮ್ಮನಿಗೆ ತಿಳಿಸಿದಾಗ, “ಎರಡೂವರೆಗೆ ನಾನೇ ಅವಳನ್ನು ಹೊರಡಿಸುತ್ತೇನೆ, ಹಡಗು ತಪ್ಪಿಸಿಕೊಂಡು ಇಲ್ಲಿ ಕೂರುವುದು ಬೇಡ” ಎಂದಳು. ಹೊರಡಿಸುವುದರಲ್ಲಿ ಅವಳಿಗೆ ಅಭ್ಯಾಸವುಂಟು.

ಕಳೆದ ಶನಿವಾರ ಸಂಜೆ ಕಾಪುವಿಗೆ ಹೋದೆ. ಬಾಗಿಲಲ್ಲಿ ಅದೇ ಪ್ರಶ್ನೆ ಬಂತು. “ನಾಳೆ ರಾತ್ರಿ” ಎಂದೆ. ಅಮ್ಮ ನಂಬದೆ ಒಂದು ಗಳಿಗೆ ನಿಂತು, ಆಮೇಲೆ, “ಹಾಗಾದರೆ ಅಕ್ಕಿ ನೆನೆಹಾಕಬೇಕು” ಎಂದು ಒಳಗೆ ಹೋದಳು. ಕತ್ತಲಾದ ಮೇಲೆ ಜಗಲಿಯಲ್ಲಿ ಕುಳಿತೆವು. ದೀಪಸ್ತಂಭದ ಬೆಳಕು ಕಡಲಿನ ಮೇಲೆ ಬೀಸಿ ಹೋಗುತ್ತಿತ್ತು. ಅದು ಎಂದೂ ಇದ್ದಲ್ಲಿಂದ ಅಲುಗಿದ್ದಿಲ್ಲ; ಆದರೆ ಇರುವುದು ಅಲುಗುವವರಿಗಾಗಿ. ಅಂಥ ಇರವು ನನಗೆ ಬಂದಿದೆಯೆಂದು ಹೇಳುವ ಧೈರ್ಯವಿಲ್ಲ. ಒಂದು ರಾತ್ರಿ ಉಳಿದದ್ದನ್ನು ದೊಡ್ಡದು ಮಾಡಬಾರದು. ಅಮ್ಮ ಬಂದರುಗಳ ಪಟ್ಟಿಯನ್ನು ಓದಿಸಿದಳು. ಒಂದೊಂದು ಹೆಸರಿಗೂ, ಅಲ್ಲಿ ಏನುಂಟು ಎಂದು ಕೇಳಿದಳು. ನನಗೆ ಗೊತ್ತಿದ್ದದ್ದು ಕಡಿಮೆ. “ಅವಳು ಬಂದ ಮೇಲೆ ಕೇಳುವ” ಎಂದೆ. “ಹತ್ತು ಗಂಟೆಯಲ್ಲಿ ಅಷ್ಟೆಲ್ಲ ಹೇಳಿ ಮುಗಿಯುತ್ತದಾ?” ಎಂದು ಅಮ್ಮ ಕೇಳಿದಳು.